ಚುಕ್ಕಿಯಿಲ್ಲದ ಗೂಬೆ

ನಮ್ಮ ಮಾವನವರ ಕತ್ತಿನ ಹಿಂಬದಿಯಲ್ಲಿ ಒಂದು ಬಿಳಿ ಗೆರೆ ಇತ್ತು. ಮಾವ ಬೆಳ್ಳಗಿನವರೇನಲ್ಲ. ಹೋಟೆಲಿನ ಒಲೆಯೂ ಠಾಣೆ ಊರಿನ ಬಿಸಿಲೂ ಸೇರಿ ಅವರ ಮೈಯನ್ನು ಚೆನ್ನಾಗಿಯೇ ಹುರಿದಿದ್ದವು. ಊಟಕ್ಕೆ ಕೂತು ತಟ್ಟೆಯತ್ತ ಬಗ್ಗಿದಾಗ ಮಾತ್ರ ಕತ್ತಿನ ಮಡಿಕೆ ಬಿಚ್ಚಿಕೊಂಡು, ಎಂದೂ ಬಿಸಿಲು ಕಾಣದ ಚರ್ಮದ ಒಂದು ಎಳೆ ಹೊರಗೆ ಇಣುಕುತ್ತಿತ್ತು. ಮದುವೆಯಾಗಿ ಡೊಂಬಿವಲಿಯ ಆ ಮನೆಗೆ ಬಂದ ಹೊಸತರಲ್ಲಿ, ಸಾರು ಬಡಿಸುತ್ತ ನಿಂತಿದ್ದಾಗ ಅದನ್ನು ಕಂಡು ಹಳೆಯ ಗಾಯ ಅಂದುಕೊಂಡೆ. ಆಮೇಲೆ ಗಂಡನನ್ನು ಕೇಳಿದೆ.

"ಗಾಯ ಅಲ್ಲ ಮಾರಾಯ್ತಿ, ಮರ ನೋಡಿ ನೋಡಿ ಆದದ್ದು" ಎಂದು ಅವರು ನಕ್ಕರು.

ಅದು ನಿಜವೇ ಆಗಿತ್ತು. ಸದಾ ಮೇಲೆ ನೋಡುವವರ ಕತ್ತು ಹಿಂದಕ್ಕೆ ಮಡಿಚಿಕೊಂಡೇ ಇರುತ್ತದೆ, ಮಡಿಕೆಯೊಳಗೆ ಬಿಸಿಲು ಇಳಿಯುವುದಿಲ್ಲ. ಮಾವ ರಸ್ತೆಯಲ್ಲಿ ನಡೆಯುವಾಗಲೂ ಮೇಲೆ ನೋಡುತ್ತಿದ್ದರು. ಡೊಂಬಿವಲಿಯ ರಸ್ತೆಯಲ್ಲಿ ಮೇಲೆ ನೋಡಿ ನಡೆದವನು ಕೆಳಗೆ ಬೀಳುವುದು ಗ್ಯಾರಂಟಿ, ಅವರು ಬಿದ್ದೂ ಇದ್ದರು. ಮೊಣಕಾಲು ಕೆತ್ತಿಸಿಕೊಂಡು ಬಂದಾಗ ಅತ್ತೆ ಅರಿಶಿನ ಹಚ್ಚುತ್ತ, "ಆಕಾಶದಲ್ಲಿ ಎಂತ ಇಟ್ಟಿದ್ದೀರಿ?" ಎಂದು ಕೇಳುತ್ತಿದ್ದರು. ಮಾವ ಉತ್ತರ ಕೊಡುತ್ತಿರಲಿಲ್ಲ. ಕೊಡಬೇಕೆಂದರೆ ಒಂದು ಹೆಸರು ಹೇಳಬೇಕಾಗುತ್ತಿತ್ತು, ಆ ಹೆಸರನ್ನು ಅತ್ತೆ ಮನೆಯೊಳಗೆ ಎತ್ತಲು ಬಿಡುತ್ತಿರಲಿಲ್ಲ.

ಮಾವ ಹುಡುಕುತ್ತಿದ್ದದ್ದು ಒಂದು ಗೂಬೆಯನ್ನು.

ಉಡುಪಿ ಕಡೆಯಿಂದ ಬಂದ ಅತ್ತೆಗೆ ಗೂಬೆ ಎಂದರೆ ಅಪಶಕುನ. ಮನೆಯ ಮಾಡಿನ ಮೇಲೆ ಕೂತು ಕೂಗಿದರೆ ಮನೆಯಲ್ಲೊಬ್ಬರು ಹೋದ ಹಾಗೇ ಲೆಕ್ಕ. ಹಾಗಾಗಿ ಆ ಹಕ್ಕಿಗೆ ನಮ್ಮ ಮನೆಯಲ್ಲಿ 'ಅದು' ಎಂದೇ ಹೆಸರು. "ಅದನ್ನು ನೋಡಲು ಹೋಗಿದ್ದಾರೆ", "ಅದರ ಪುಸ್ತಕ ತೆಗೆದಿಡು". ಹೊಸದಾಗಿ ಬಂದ ನನಗೆ ಇದೇನು ಯಾವುದೋ ಹೆಂಗಸಿನ ವಿಷಯವೇ ಎಂಬ ಅನುಮಾನ ಕೂಡ ಬಂದಿತ್ತು. ಅದನ್ನು ಮಾವನಿಗೆ ಹೇಳಿದಾಗ ಅವರು ಕೆಮ್ಮು ಬರುವಷ್ಟು ನಕ್ಕಿದ್ದರು.

ನಾನು ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಅವ್ವ ಧಾರವಾಡದ ಕಡೆಯವರು. ಗಂಡನ ಮನೆಯಲ್ಲಿ ಎಲ್ಲರೂ ತುಳು ಮಾತಾಡುತ್ತಿದ್ದರು, ನನಗೆ ಒಂದಕ್ಷರ ಬರುತ್ತಿರಲಿಲ್ಲ. ಗಂಡ ನನ್ನೊಂದಿಗೆ ಅರ್ಧ ಕನ್ನಡ, ಅರ್ಧ ಹಿಂದಿ. ಅತ್ತೆ ತುಳುವಿನಲ್ಲಿ ಶುರು ಮಾಡಿ, ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು ಕನ್ನಡಕ್ಕೆ ಬರುತ್ತಿದ್ದರು. ಮಾವ ಒಬ್ಬರೇ ಮೊದಲ ದಿನದಿಂದ ನನ್ನ ಜೊತೆ ಪೂರಾ ಕನ್ನಡದಲ್ಲಿ ಮಾತಾಡಿದವರು. ನನ್ನ 'ರಿ'ಯನ್ನು ಅಣಕಿಸುವುದು ಅವರಿಗೆ ಬಲು ಇಷ್ಟ. "ಚಾ ತಾರ್ರಿ ಸೊಸೀ" ಎನ್ನುತ್ತಿದ್ದರು, ಎಲ್ಲ ತಪ್ಪು ತಪ್ಪಾಗಿ. ಆ ಅಣಕದಿಂದಲೇ ನಾನು ಆ ಮನೆಯಲ್ಲಿ ಬೇರು ಬಿಟ್ಟೆ. ಇಲ್ಲದಿದ್ದರೆ ಮೊದಲ ವರ್ಷ ನಾನು ಎಷ್ಟು ಸಲ ತವರಿನ ದಾರಿ ಹಿಡಿಯುತ್ತಿದ್ದೆನೋ. ಕಲ್ಯಾಣ ಹತ್ತಿರವೇ ಇತ್ತಲ್ಲ.

ಗೂಬೆಯ ಕಥೆಯನ್ನು ಅವರು ನನಗೆ ಹೇಳಿದ್ದು ಬಾಲ್ಕನಿಯಲ್ಲಿ ಕೂತು, ಅತ್ತೆ ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿನಲ್ಲಿ.

ಮಾವ ಮತ್ತು ಅವರ ಅಣ್ಣ ಪಾಲಿನಲ್ಲಿ ನಡೆಸುತ್ತಿದ್ದ ಹೋಟೆಲು ಠಾಣೆಯ ಘೋಡಬಂದರ್ ರಸ್ತೆ ಶುರುವಾಗುವಲ್ಲಿ ಇತ್ತು. ಆಗ ಅಲ್ಲಿ ಮಾಲುಗಳಿಲ್ಲ, ಟವರುಗಳಿಲ್ಲ. ಮುಂದೆ ಕಾರ್ಖಾನೆಗಳು, ಹಿಂದೆ ಗುಡ್ಡ, ಗುಡ್ಡದ ತುಂಬ ಕಾಡು. ಕಾರ್ಖಾನೆಯ ಜನರ ಊಟದ ಗದ್ದಲ ಮುಗಿದ ಮೇಲೆ, ಸಂಜೆಯ ಇಡ್ಲಿ ವಡೆಗೆ ಕೈ ಹಾಕುವ ಮೊದಲು, ಹೋಟೆಲಿಗೆ ಒಂದು ಸತ್ತ ಹೊತ್ತು ಬರುತ್ತದೆ. ಶಟರ್ ಅರ್ಧ ಎಳೆದು, ಎರಡು ಮೇಜು ಜೋಡಿಸಿ, ಅಡುಗೆ ಭಟ್ಟರಿಂದ ಹಿಡಿದು ಕ್ಲೀನರ್ ತನಕ ಎಲ್ಲರೂ ಉರುಳಿಕೊಳ್ಳುವ ಹೊತ್ತು ಅದು. ಹೋಟೆಲಿನವನ ಪಾಲಿಗೆ ದಿನದಲ್ಲಿ ಅದೊಂದೇ ಬಿಡುವು. ಮಾವನಿಗೆ ಹಗಲು ನಿದ್ದೆ ಬರುತ್ತಿರಲಿಲ್ಲ. ಅಣ್ಣನ ಗೊರಕೆ ಕೇಳುತ್ತ ಕೂರುವುದಕ್ಕಿಂತ ವಾಸಿ ಎಂದು ಟವೆಲ್ ತಲೆಗೆ ಸುತ್ತಿಕೊಂಡು ಹಿಂದಿನ ಗುಡ್ಡ ಹತ್ತುತ್ತಿದ್ದರು.

"ಒಂದು ಬೂರುಗದ ಮರ ಉಂಟು ಅಲ್ಲಿ. ಎಲೆ ಎಲ್ಲ ಉದುರಿ ಬೋಳಾಗಿತ್ತು, ಹೂ ಶುರುವಾಗುವ ಸಮಯ. ಬಿಸಿಲು ಅಂದ್ರೆ ಬಿಸಿಲು. ನಡು ಮಧ್ಯಾಹ್ನ, ಅದು ಮೇಲೆ ಕೊಂಬೆಯಲ್ಲಿ ಕೂತು ನನ್ನನ್ನೇ ನೋಡ್ತಾ ಉಂಟು. ಇಷ್ಟೇ ಇಷ್ಟು" ಎಂದು ಮುಷ್ಟಿ ತೋರಿಸಿದರು. "ಗೂಬೆ ಹಗಲಲ್ಲಿ ಪೊಟರೆಯಲ್ಲಿ ಅಡಗಿ ಕೂರ್ಬೇಕಲ್ಲ? ಇದಕ್ಕೆ ಬಿಸಿಲೇ ಬೇಕು. ಬಾಲವನ್ನು ಹೀಗೆ ಆಚೆ ಈಚೆ ಆಡಿಸುದು. ತಲೆಯಲ್ಲಿ ಒಂದು ಚುಕ್ಕಿ ಇಲ್ಲ. ನುಣ್ಣಗೆ."

ಆ ಬೇಸಿಗೆಯಿಡೀ ಅದು ಅಲ್ಲೇ ಇತ್ತಂತೆ. ಮಾವ ಅದಕ್ಕೆ ದೊಡ್ಡ ಮಹತ್ವವನ್ನೇನೂ ಕೊಡಲಿಲ್ಲ. ಮಧ್ಯಾಹ್ನದ ಒಬ್ಬ ಪರಿಚಯದವನು, ಅಷ್ಟೇ. ಮಳೆಗಾಲ ಕಳೆದು ಮತ್ತೆ ಗುಡ್ಡ ಹತ್ತಿದಾಗ ಅದು ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಠಾಣೆ ಸ್ಟೇಷನ್ನಿನ ಬಳಿಯ ರದ್ದಿ ಅಂಗಡಿಯಲ್ಲಿ ಹೋಟೆಲಿನ ಪೊಟ್ಟಣಕ್ಕೆಂದು ಹಳೆ ಪೇಪರ್ ಕೊಳ್ಳಲು ಹೋದವರು ಒಂದು ಹಳೆಯ ಇಂಗ್ಲಿಷ್ ಹಕ್ಕಿ ಪುಸ್ತಕ ಕೈಗೆತ್ತಿಕೊಂಡರು. ಚಿತ್ರಗಳು ಚೆಂದ ಇದ್ದವೆಂದು ತಿರುವುತ್ತ ಹೋದರೆ, ಒಂದು ಪುಟದಲ್ಲಿ ಅದೇ ಹಕ್ಕಿ. ಅದೇ ನುಣ್ಣನೆಯ ತಲೆ. ಕೆಳಗೆ ಬರೆದಿತ್ತು: ಬಹಳ ಕಾಲದಿಂದ ಯಾರೂ ಕಂಡಿಲ್ಲ, ಬಹುಶಃ ಅಳಿದುಹೋಗಿದೆ.

"ಓದಿ ನನ್ನ ಕೈಕಾಲು ತಣ್ಣಗಾಯ್ತು" ಎಂದರು ಮಾವ. "ಯಾರೂ ಕಂಡಿಲ್ಲ ಅಂತ ಪುಸ್ತಕದಲ್ಲಿ ಉಂಟು. ನಾನು ದಿನಾ ಕಾಣ್ತಿದ್ದೆ."

ಆ ಪುಸ್ತಕವೇ ಅವರನ್ನು ಕೆಡಿಸಿದ್ದು ಎಂದು ಅತ್ತೆ ಹೇಳುತ್ತಿದ್ದರು. ಅವರ ಮಾತಿನಲ್ಲಿ ಸತ್ಯ ಇಲ್ಲದೆ ಇರಲಿಲ್ಲ. ಒಂದು ಹಕ್ಕಿಯನ್ನು ಎಲ್ಲರಂತೆ ಕಂಡು ಮರೆತವರು, ಅದನ್ನು ತಾವೊಬ್ಬರೇ ಕಂಡದ್ದು ಎಂದು ಗೊತ್ತಾದ ದಿನದಿಂದ ಮರೆಯಲಾರದೆ ಹೋದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಹೋಟೆಲೂ ಮುಚ್ಚಿ, ಅವರು ಡೊಂಬಿವಲಿಯ ಮನೆಯಲ್ಲಿ ಕೂತ ಮೇಲೆ ಬೇರೆ ಕೆಲಸವೇ ಉಳಿಯಲಿಲ್ಲ. ಒಂದು ದುರ್ಬೀನು ಕೊಂಡರು. ಊಟ ಬೇಗ ಮುಗಿಸಿ, ಸ್ಲೋ ಲೋಕಲ್ ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸು, ಅಲ್ಲಿಂದ ನಡಿಗೆ. ಯಾವಾಗಲೂ ನಡು ಮಧ್ಯಾಹ್ನವೇ. ಹೋಟೆಲು ಹೋದರೂ ಹೋಟೆಲಿನ ಬಿಡುವಿನ ಹೊತ್ತು ಅವರನ್ನು ಬಿಟ್ಟಿರಲಿಲ್ಲ.

ಹಕ್ಕಿ ನೋಡುವ ಹುಡುಗರ ಒಂದು ಗುಂಪು ಅವರಿಗೆ ಠಾಣೆಯ ಯೇವೂರ್ ಗುಡ್ಡದಲ್ಲಿ ಸಿಕ್ಕಿತ್ತು. ಮರ್ಯಾದಸ್ಥ ಹುಡುಗರೇ. ಎಲ್ಲ ಕೇಳಿಸಿಕೊಂಡು, "ಅಂಕಲ್, ಆ ಹಕ್ಕಿಗಳು ಈಚೆಗೆ ದೂರದ ಸಾತ್ಪುಡಾ ಬೆಟ್ಟದ ಕಡೆ ಒಂದಿಷ್ಟು ಸಿಕ್ಕಿವೆ ಅಂತಾರೆ. ನಮ್ಮ ಠಾಣೆಯಲ್ಲಿ ಅದು ಇರಲಿಕ್ಕಿಲ್ಲ. ನೀವು ನೋಡಿದ್ದು ಮಾಮೂಲಿ ಚುಕ್ಕಿ ಗೂಬೆ" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಮಾಮೂಲಿ ಚುಕ್ಕಿ ಗೂಬೆ ಅಂದರೆ ನಮ್ಮ ಹಾಲಕ್ಕಿ. ತಲೆಯ ಮೇಲೆಲ್ಲ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು, ಎಲ್ಲ ಊರಲ್ಲೂ ಇರುವಂಥದು. ಮಾವ ಅವರನ್ನು ಮಧ್ಯಾಹ್ನ ಬನ್ನಿ ಎಂದು ಕರೆದರು. ಹಕ್ಕಿ ನೋಡುವವರು ನಸುಕಿನಲ್ಲಿ ಹೊರಟು ಬಿಸಿಲೇರುವಷ್ಟರಲ್ಲಿ ಮನೆ ಸೇರುವವರು. ಮಧ್ಯಾಹ್ನ ಯಾವ ಹಕ್ಕಿಯೂ ಇರುವುದಿಲ್ಲ ಎಂಬುದು ಅವರ ಶಾಸ್ತ್ರ. ಒಬ್ಬ ಮಾತ್ರ ಒಮ್ಮೆ ಬಂದ, ಬೆವರಿ ತೊಪ್ಪೆಯಾದ, ಮತ್ತೆ ಬರಲಿಲ್ಲ. ಮಾವನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಬೇಕಾಗಿದ್ದದ್ದು ಇನ್ನೊಂದು ಜೊತೆ ಕಣ್ಣು, ಅಷ್ಟೇ. ಇನ್ನೊಬ್ಬರು ಒಮ್ಮೆ, ಒಂದೇ ಒಮ್ಮೆ ಕಂಡರೆ ಸಾಕಿತ್ತು.

ಆ ಇನ್ನೊಂದು ಜೊತೆ ಕಣ್ಣು ನನ್ನದಾಯಿತು. ನನ್ನ ಆಫೀಸು ತುರ್ಭೆಯಲ್ಲಿತ್ತು, ಶನಿವಾರ ಅರ್ಧ ದಿನ. ತುರ್ಭೆಯಿಂದ ಠಾಣೆಗೆ ನೇರ ಟ್ರೇನ್ ಬಂದ ಮೇಲೆ, ಮಾವ ಡೊಂಬಿವಲಿಯಿಂದ ಬಂದು ಠಾಣೆ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದರು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಅತ್ತೆ ಕಲಸಿ ಕೊಟ್ಟ ಮೊಸರನ್ನ. ಗೂಬೆಗೆ ಶಾಪ ಹಾಕುತ್ತಲೇ ಅತ್ತೆ ನನ್ನ ಪಾಲಿಗೆಂದು ಒಂದು ಉಪ್ಪಿನಕಾಯಿ ಹೋಳು ಜಾಸ್ತಿ ಇಡುತ್ತಿದ್ದರು. ಮಾವ ಸೊಸೆ ಗುಡ್ಡದ ಬುಡದಲ್ಲಿ ಕೂತು ಮೊಸರನ್ನ ತಿನ್ನುವುದನ್ನು ಕಂಡು ಜನ ಏನೆಂದುಕೊಂಡರೋ. ಕೆಲವರು ನಮ್ಮನ್ನು ಫ್ಲ್ಯಾಟ್ ನೋಡಲು ಬಂದವರು ಎಂದುಕೊಂಡು ಕೈಗೆ ಕರಪತ್ರ ಕೊಟ್ಟು ಹೋಗುತ್ತಿದ್ದರು. ಆಗ ಘೋಡಬಂದರ್ ರಸ್ತೆಯುದ್ದಕ್ಕೂ ಮಾರುವುದೂ ಕೊಳ್ಳುವುದೂ ಅದೊಂದೇ.

ಅವರ ಜೊತೆ ನಡೆಯುವುದಕ್ಕೆ ಇದ್ದದ್ದು ಒಂದೇ ನಿಯಮ. ಕಂಡದ್ದನ್ನು ಮಾತ್ರ ಕಂಡೆ ಅನ್ನಬೇಕು. ಮೊದಮೊದಲು ನಾನು ಅವರ ಸಂತೋಷಕ್ಕೆ ಎಲ್ಲ ಕಡೆಯೂ ಗೂಬೆ ಕಾಣುತ್ತಿದ್ದೆ.

"ಅಲ್ಲಿ ನೋಡ್ರಿ ಮಾವ, ಎರಡು ಕೊಂಬಿ ನಡುವ. ಅದ ಇರಬೇಕ್ರಿ."

"ತಲೆಯಲ್ಲಿ ಚುಕ್ಕಿ ಉಂಟಾ?"

"ತಲಿ ಕಾಣವಲ್ದ್ರಿ."

"ಹಾಗಾದ್ರೆ ನೀನು ಕಂಡದ್ದು ಎಂತದ್ದು?"

"ಏನೋ ಕಂದು ಬಣ್ಣದ್ದು."

"ಹ್ಞಾ. ಏನೋ ಕಂದು ಬಣ್ಣದ್ದು ಕಂಡೆ. ಅಷ್ಟೇ ಹೇಳು." ಅದು ಒಣಗಿದ ಎಲೆಯಾಗಿತ್ತು. ಅವರು ಗದರಲಿಲ್ಲ. ಡಬ್ಬಿ ಬಿಚ್ಚುತ್ತ ಇನ್ನೊಂದು ಮಾತು ಹೇಳಿದರು, "ನೀನು ನನಗೋಸ್ಕರ ಸುಳ್ಳು ಕಂಡ್ರೆ, ಮತ್ತೆ ನಾನು ಕಂಡದ್ದಕ್ಕೆ ಎಂತ ಬೆಲೆ ಹೇಳು?"

ಒಂದು ಶನಿವಾರ ಅವರ ಆ ನಿಯಮಕ್ಕೇ ಪರೀಕ್ಷೆ ಬಂತು. ಹಳೆ ಹೋಟೆಲಿನ ಹಿಂದಿನ ಗುಡ್ಡ ಅಷ್ಟರಲ್ಲಿ ಅರ್ಧ ಕರಗಿತ್ತು. ಬುಡದಲ್ಲಿ ಜೆಸಿಬಿಗಳು ಮಣ್ಣು ಅಗೆಯುತ್ತಿದ್ದವು. ಬೂರುಗದ ಮರ ಇನ್ನೂ ನಿಂತಿತ್ತು. ಅದರ ಕೊಂಬೆಯಲ್ಲಿ, ಸುಡುವ ಬಿಸಿಲಿನಲ್ಲಿ, ಮುಷ್ಟಿಗಾತ್ರದ ಒಂದು ಗೂಬೆ ಕೂತಿತ್ತು. ನಾನು ಮೊದಲು ಕಂಡೆ. ಅವರ ತೋಳು ಹಿಡಿದು ಜಗ್ಗಿದೆ. ಮಾವ ದುರ್ಬೀನು ಕಣ್ಣಿಗಿಟ್ಟರು. ನಾನು ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಹೊತ್ತೆ. ಜೆಸಿಬಿಯ ಸದ್ದಿಗೆ ಪೊಟರೆಯಿಂದ ಎದ್ದು ಬಂದಿತ್ತೋ ಏನೋ, ಅದು ಕಣ್ಣು ಕಿರಿದು ಮಾಡಿಕೊಂಡು ನಮ್ಮತ್ತ ತಿರುಗಿತು.

ಅವರು ತುಂಬ ಹೊತ್ತು ನೋಡಿದರು. ಆಮೇಲೆ ದುರ್ಬೀನನ್ನು ನನ್ನ ಕೈಗೆ ಕೊಟ್ಟು, "ನೋಡು. ಚುಕ್ಕಿ ಉಂಟು. ಹಾಲಕ್ಕಿ" ಎಂದರು.

ನಾನು ನೋಡಿದೆ. ಇದ್ದವು. ಅಕ್ಕಿ ಚೆಲ್ಲಿದ ಹಾಗೆ. ನಮ್ಮಜ್ಜಿ ಹಾಲಕ್ಕಿ ನುಡಿದರೆ ಶುಭ ಎನ್ನುತ್ತಿದ್ದಳು, ನಸುಕಿನಲ್ಲಿ ಬುಡಬುಡಿಕೆಯವನು ಬಂದು "ಹಾಲಕ್ಕಿ ನುಡೀತೈತಿ" ಎಂದರೆ ಮೊರದ ತುಂಬ ಜೋಳ ಹಾಕುತ್ತಿದ್ದಳು. ಆ ಮಧ್ಯಾಹ್ನ ಆ ಶುಭದ ಹಕ್ಕಿಯನ್ನು ಕಂಡು ನನಗೆ ಅಳು ಬಂತು. ಅಲ್ಲಿ ಇದ್ದವರು ನಾವಿಬ್ಬರೇ. ಮಾವ 'ಅದೇ' ಅಂದಿದ್ದರೆ ನಾನು ಊರಿಗೆಲ್ಲ ಸಾಕ್ಷಿ ಹೇಳುತ್ತಿದ್ದೆ. ಅವರು ಅನ್ನಲಿಲ್ಲ. ಡಬ್ಬಿ ಬಿಚ್ಚಿ, "ಊಟ ಮಾಡುವ. ಮೊಸರು ಹುಳಿ ಬಂದ್ರೆ ನಿನ್ನ ಅತ್ತೆ ಅದರ ಗೂಬೆಯನ್ನೂ ನನ್ನ ಮೇಲೆಯೇ ಕೂರಿಸ್ತಾಳೆ" ಎಂದರು. ಅಂಥ ಹೊತ್ತಿನಲ್ಲೂ ಚೇಷ್ಟೆ ಬಿಡದ ಮನುಷ್ಯ.

ಗುಡ್ಡ ಹೋಗಿ ಅಲ್ಲಿ ಕಾಂಪ್ಲೆಕ್ಸ್ ಎದ್ದಿತು. ಬಿಲ್ಡರ್ ಒಬ್ಬನ ಪುಣ್ಯವೋ ಚಂದಕ್ಕೋ, ಬೂರುಗದ ಮರವನ್ನು ಉಳಿಸಿ, ಸುತ್ತ ಕಟ್ಟೆ ಕಟ್ಟಿ, ಬುಡಕ್ಕೆ ಬಣ್ಣದ ದೀಪ ಇಟ್ಟರು. ಈಗ ಮರ ಕಾಂಪೌಂಡಿನ ಒಳಗೆ, ಮಾವ ಹೊರಗೆ. ಆದರೂ ಹೋಗುತ್ತಿದ್ದರು. ಯಾವುದೋ ಫ್ಲ್ಯಾಟಿನ ನಂಬರು ಹೇಳಿ ಒಳಗೆ ಹೋಗಬಹುದಿತ್ತು, ಆ ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಮಾವ ಮಾತ್ರ ಗೇಟಿನ ವಾಚ್‌ಮನ್ನಿಗೆ "ಮರ ನೋಡಲಿಕ್ಕೆ" ಎಂದು ಇದ್ದದ್ದನ್ನೇ ಹೇಳುತ್ತಿದ್ದರು. ವಾಚ್‌ಮನ್ ಬಡಪಾಯಿ, ಮುದುಕನೆಂದು ಬಿಡುತ್ತಿದ್ದ.

ಒಂದು ದಿನ ಆ ಕಾಂಪ್ಲೆಕ್ಸಿನಿಂದ ನನ್ನ ಆಫೀಸಿಗೆ ಫೋನು ಬಂತು. "ಮೇಡಮ್, ಆಪ್‌ಕೆ ಸಸುರ್‌ಜೀ ಇಧರ್ ಬೈಠೇ ಹೈ. ಆಪ್ ಆ ಜಾಯಿಯೇ." ಮಾವ ಇಲ್ಲಿ ಕೂತಿದ್ದಾರೆ, ಬನ್ನಿ ಎಂದರೆ ಏನಾಯಿತೋ ಎಂದು ಓಡಿದೆ. ಅಲ್ಲಿನ ಮನೆಯವರ ಸೊಸೈಟಿಯ ಆಫೀಸಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾವ ಕೂತಿದ್ದರು. ತಲೆ ಬಗ್ಗಿತ್ತು, ಕತ್ತಿನ ಬಿಳಿ ಗೆರೆ ಕಾಣುತ್ತಿತ್ತು. ದುರ್ಬೀನು ಮೇಜಿನ ಮೇಲೆ, ಕಳವಿನ ಮಾಲಿನಂತೆ. ಮರದ ಹಿಂದೆ ಟವರಿನ ಬಚ್ಚಲು ಮನೆಗಳ ಕಿಟಕಿಗಳಿದ್ದವಂತೆ. ಮುದುಕ ದುರ್ಬೀನು ಹಿಡಿದು ದಿನಾ ಮಧ್ಯಾಹ್ನ ಹೆಂಗಸರ ಕಿಟಕಿಗಳನ್ನು ನೋಡುತ್ತಾನೆ ಎಂದು ದೂರು.

ನಾನು ಹಿಂದಿಯಲ್ಲೂ ಮರಾಠಿಯಲ್ಲೂ ಹಕ್ಕಿಯ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ನಂಬಲಾಗದ ಕಥೆಯಂತೆ ಕೇಳಿಸತೊಡಗಿತು. ಸೊಸೈಟಿಯ ಹೆಂಗಸೊಬ್ಬಳು ಮಾವನತ್ತ ತಿರುಗಿ, "ಕಾಯ್ ಆಜೋಬಾ, ಪಕ್ಷಿ ದಿಸ್ಲಾ ಕಾ?" ಹಕ್ಕಿ ಕಂಡಿತೇ ಅಜ್ಜಾ, ಎಂದು ಕೇಳಿದಳು. ಹೌದು, ಅಲ್ಲೇ ಕೂತಿತ್ತು ಎಂದು ಅವರು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಜನಕ್ಕೆ ಬೇಕಾಗಿದ್ದದ್ದು ಅಷ್ಟೇ. ಮಾವ ತಲೆಯೆತ್ತಿ, "ನಹೀ. ಕಭೀ ನಹೀ ದಿಖಾ ಇಧರ್, ಬಿಲ್ಡಿಂಗ್ ಆನೇ ಕೆ ಬಾದ್" ಎಂದರು, ಬಿಲ್ಡಿಂಗ್ ಬಂದ ಮೇಲೆ ಇಲ್ಲಿ ಕಂಡೇ ಇಲ್ಲ ಎಂದು. ಎಂದೂ ಕಾಣದ ಹಕ್ಕಿಗಾಗಿ ದಿನಾ ಬರುವವನನ್ನು ಯಾರು ನಂಬುತ್ತಾರೆ? ಇನ್ನು ಮುಂದೆ ಇತ್ತ ಬರಬಾರದೆಂದು ಹೇಳಿ ಕಳಿಸಿದರು.

ಟ್ರೇನಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ಮುಂಬ್ರಾದ ಗುಡ್ಡ ದಾಟುವ ತನಕ ಹೊರಗೇ ನೋಡುತ್ತಿದ್ದರು. ಆಮೇಲೆ, "ಇವನಿಗೆ ಹೇಳ್ಬೇಡ" ಎಂದರು. ಇವನು ಎಂದರೆ ಮಗ. ನಾನು ಹೇಳಲಿಲ್ಲ. ಅಷ್ಟು ಮರ್ಯಾದೆಯಿಂದ ಬದುಕಿದ ಮನುಷ್ಯನಿಗೆ ಅಂಥ ಮಾತು ಬಂತಲ್ಲ ಎಂದು ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ಅವರು ಮತ್ತೆ ಒಳಗೆ ಹೋಗಲಿಲ್ಲ. ರಸ್ತೆಯ ಆಚೆ ಬದಿಯ ಬಸ್‌ಸ್ಟಾಪಿನಿಂದ, ದುರ್ಬೀನಿಲ್ಲದೆ, ಬರಿಗಣ್ಣಿನಲ್ಲಿ ಮರದ ನೆತ್ತಿ ನೋಡಿ ಬರುತ್ತಿದ್ದರು.

ಆ ಮರವೂ ಉಳಿಯಲಿಲ್ಲ. ಬೇಸಿಗೆಯಲ್ಲಿ ಬೂರುಗದ ಕಾಯಿ ಒಡೆದು ಹತ್ತಿ ಹಾರುತ್ತದೆ, ಏಸಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಕಾಂಡದ ಮುಳ್ಳು ಮಕ್ಕಳಿಗೆ ಚುಚ್ಚುತ್ತದೆ ಎಂದು ಕಡಿಸಿದರಂತೆ. ಮಾವ ಒಬ್ಬರೇ ಹೋಗಿದ್ದ ದಿನ ಅದನ್ನು ಕಂಡು ಬಂದರು. ಚಪ್ಪಲಿ ಬಿಡುತ್ತ ಬಾಗಿಲಲ್ಲೇ, "ಆಯ್ತು" ಎಂದರು. ಅತ್ತೆ ಕಾಫಿ ಕೊಟ್ಟರು. ಕುಡಿದು ಲೋಟ ತಾವೇ ತೊಳೆದಿಟ್ಟು ಮಲಗಿದರು.

ಅಲ್ಲಿಗೆ ಅವರು ಹೊರಗೆ ಹೋಗುವುದನ್ನು ನಿಲ್ಲಿಸಿದರು. ನಾನು ಬೇರೆ ಕಾಡಿದೆಯಲ್ಲ, ಹೋಗೋಣ ಎಂದೆ. "ಅದು ಬೇರೆಯವರ ಕಾಡು" ಎಂದರು. ಮನೆಯಲ್ಲಿ ಟಿವಿ ನೋಡುತ್ತ, ಅತ್ತೆಗೆ ಬೀನ್ಸ್ ಹೆಚ್ಚಿಕೊಡುತ್ತ, ಕೆಳಗೆ ನೋಡುತ್ತ ಕೂತರು. ಒಂದು ದಿನ ಬಡಿಸುವಾಗ ನೋಡುತ್ತೇನೆ, ಕತ್ತಿನ ಬಿಳಿ ಗೆರೆ ಇಲ್ಲ. ಸುತ್ತಲಿನ ಚರ್ಮವೂ ಬಿಸಿಲಿಲ್ಲದೆ ಬಿಳಿಚಿಕೊಂಡು ಎಲ್ಲ ಒಂದೇ ಬಣ್ಣವಾಗಿತ್ತು. ಸಾರಿನ ಸೌಟು ಕೈಯಲ್ಲಿ ಹಿಡಿದು ಹಾಗೇ ನಿಂತೆ. ಇನ್ನು ಇವರು ಹೆಚ್ಚು ದಿನ ಇರುವುದಿಲ್ಲ ಎಂದು ನನಗೆ ಆವತ್ತೇ ಅನ್ನಿಸಿತ್ತು.

ಕಿಡ್ನಿ ಕೆಟ್ಟಿದೆ ಎಂದು ಆಮೇಲೆ ತಿಳಿಯಿತು. ಡೊಂಬಿವಲಿಯ ಒಂದು ಆಸ್ಪತ್ರೆಯಲ್ಲಿ ಕೊನೆಯ ದಿನಗಳು ಕಳೆದವು. ಒಂದು ಮಧ್ಯಾಹ್ನ, ಅದೇ ಅವರ ಹೋಟೆಲಿನ ಬಿಡುವಿನ ಹೊತ್ತು, ನಾನೊಬ್ಬಳೇ ಪಕ್ಕದಲ್ಲಿದ್ದೆ. ಕಣ್ಣು ಬಿಟ್ಟು ಫ್ಯಾನನ್ನು ನೋಡುತ್ತ ಕೇಳಿದರು.

"ನಿನಗೆ ಒಮ್ಮೆಯಾದ್ರೂ ಕಂಡಿತಾ?"

ಏನು ಎಂದು ನಾನು ಕೇಳಬೇಕಾಗಿರಲಿಲ್ಲ. ಎಂದೋ ಒಂದು ಶನಿವಾರ ನೀವು ಡಬ್ಬಿ ಬಿಚ್ಚುವಾಗ ಕಂಡಿತ್ರಿ, ನಿಮಗ ಹೇಳಲಿಲ್ಲ ಎಂದುಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಸಾಯುವವರಿಗೆ ಹೇಳುವ ಸುಳ್ಳಿಗೆ ಪಾಪವಿಲ್ಲ ಎನ್ನುತ್ತಾರೆ. ಆದರೆ ಕೇಳುತ್ತಿದ್ದವರು ಅವರು.

"ಇಲ್ರಿ ಮಾವ. ಕಾಣಲಿಲ್ಲ."

"ಹ್ಞಾ" ಎಂದರು. "ಹಾಗೇ ಹೇಳ್ಬೇಕು."

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಬಂತು, ಅದನ್ನು ಕೇಳದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. "ನಾನು ಕಂಡದ್ದೂ ಹಾಲಕ್ಕಿಯೇ ಇರಬೇಕು. ಬಿಸಿಲಿಗೆ ಚುಕ್ಕಿ ಕಾಣದೆ ಹೋಗಿರ್ಬೇಕು. ಪುಸ್ತಕದ ಚಿತ್ರ ನೋಡಿದ ಮೇಲೆ ನನ್ನ ನೆನಪು ಅದರ ಹಾಗೇ ಆಯ್ತೋ ಎಂತದೋ. ಈಗ ಕಣ್ಣು ಮುಚ್ಚಿದ್ರೆ ಮರ ಕಾಣ್ತದೆ. ಅದು ಕಾಣುದಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಅಲ್ಲ, ನೀವು ಕಂಡದ್ದು ಅದೇ ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಆ ವಾರವೇ ಹೋದರು.

ಹತ್ತನೆಯ ದಿನದ ಕರ್ಮ ಕಲ್ಯಾಣದ ಖಾಡಿಯ, ಅಂದರೆ ಹಿನ್ನೀರಿನ, ಬದಿಯ ಘಾಟಿನಲ್ಲಿ. ಊರಿನ ಕಡೆಯಾದರೆ ಹೆಂಗಸರು ಹೋಗುವ ರೂಢಿಯಿಲ್ಲ, ಇಲ್ಲಿ ಎಲ್ಲ ನಡೆಯುತ್ತದೆ. ಅತ್ತೆಯೂ ಬಂದು ಸಿಮೆಂಟಿನ ಕಟ್ಟೆಯ ಮೇಲೆ ಕೂತಿದ್ದರು. ಗಂಡ ಪಿಂಡವಿಟ್ಟು ಹಿಂದೆ ಸರಿದರು. ಇನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ, ಬದುಕಿರುವವರು ಅದನ್ನು ನೆರವೇರಿಸುತ್ತೇವೆ ಎಂದು ಮಾತು ಕೊಡಬೇಕು.

ಕಾಗೆಗಳು ಬೇಕಾದಷ್ಟಿದ್ದವು, ತಂತಿಯ ಮೇಲೆ, ಶೆಡ್ಡಿನ ತಗಡಿನ ಮೇಲೆ. ಪಕ್ಕದಲ್ಲಿ ಬೇರೊಂದು ಮನೆಯವರು ಇಟ್ಟ ಪಿಂಡವನ್ನು ಇಟ್ಟ ಕೂಡಲೇ ಮುಗಿಬಿದ್ದು ತಿಂದವು. ನಮ್ಮದರ ಹತ್ತಿರ ಬರಲಿಲ್ಲ.

"ಅಮ್ಮನನ್ನು ನೋಡಿಕೊಳ್ತೇನೆ ಅಪ್ಪ" ಎಂದು ಗಂಡ ಕೈಮುಗಿದರು. ಕಾಗೆ ಬರಲಿಲ್ಲ. ದೊಡ್ಡ ಮಾವ, ಗೊರಕೆಯ ಆ ಅಣ್ಣ, ಕೋಲೂರಿಕೊಂಡು ಬಂದು, ಪಾಲಿನ ವಿಷಯದಲ್ಲಿ ಮನಸ್ಸಿಗೆ ನೋವಾಗಿದ್ದರೆ ಮರೆತುಬಿಡು ಎಂದರು. ಬರಲಿಲ್ಲ. ಬಿಸಿಲು ಏರಿ ನಡು ಮಧ್ಯಾಹ್ನವಾಯಿತು. ಕರ್ಮ ಮಾಡಿಸುತ್ತಿದ್ದ ಭಟ್ಟರು ಗಡಿಯಾರ ನೋಡಿಕೊಂಡರು, ಅವರಿಗೆ ಅಂಬರನಾಥದಲ್ಲಿ ಇನ್ನೊಂದು ಮನೆಯಿತ್ತು.

ಆಗ ಕಟ್ಟೆಯ ಮೇಲಿಂದ ಅತ್ತೆಯ ದನಿ ಬಂತು. ನನ್ನನ್ನೇ ನೋಡುತ್ತಿದ್ದರು.

"ನೀನು ಹೇಳು ಮಗಾ. ಆ ಗೂಬೆಯನ್ನು ಹುಡುಕ್ತೇನೆ ಅಂತ ಹೇಳು. ಅವರಿಗೆ ಬೇಕಾದ್ದು ಅದೊಂದೇ."

ಅತ್ತೆಯ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಎಲ್ಲರೂ ನನ್ನತ್ತ ತಿರುಗಿದರು. ನಾನು ಮುಂದೆ ಹೋಗಿ ಪಿಂಡದ ಎದುರು ಕೈಮುಗಿದು ನಿಂತೆ. ಹುಡುಕುತ್ತೇನೆ ಎನ್ನುವುದು ಏನು ದೊಡ್ಡ ಮಾತು? ಆದರೆ ಎಲ್ಲಿ ಹುಡುಕಲಿ? ಮರವಿಲ್ಲ, ಗುಡ್ಡವಿಲ್ಲ, ಅದು ಇತ್ತೆಂದು ಹೇಳುವ ಒಬ್ಬ ಮನುಷ್ಯ ಇದ್ದ, ಅವನೂ ಕೊನೆಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಆಗದ ಮಾತನ್ನು, ಅದೂ ಮಾವನಿಗೆ, ಕೊಡುವುದು ಹೇಗೆ?

"ನನಗ ಕಾಣಲಿಲ್ರಿ ಮಾವ" ಎಂದೆ. ಹಿಂದೆ ಯಾರೋ ಚ್ಚು ಚ್ಚು ಎಂದರು.

ಕಾಗೆಗಳು ತಂತಿಯ ಮೇಲೆ ಕೂತೇ ಇದ್ದವು.

ಭಟ್ಟರು, ಇದಕ್ಕೂ ಶಾಸ್ತ್ರದಲ್ಲಿ ದಾರಿಯಿದೆ ಎಂದು ಸಮಾಧಾನ ಹೇಳಿ ನಾಲ್ಕು ಎಳೆ ದರ್ಭೆ ತೆಗೆದುಕೊಂಡರು. ಮಡಿಚಿ, ಒಂದು ಗಂಟು ಹಾಕಿ, ಇತ್ತ ರೆಕ್ಕೆ, ಇತ್ತ ಬಾಲ ಎಂದು ಎಳೆದು ಒಂದು ಕಾಗೆ ಮಾಡಿದರು. ಗಂಡನ ಕೈಗೆ ಕೊಟ್ಟು ಪಿಂಡಕ್ಕೆ ತಾಗಿಸಲು ಹೇಳಿದರು. ಇವರು ಕಣ್ಣೊರೆಸಿಕೊಂಡು ತಾಗಿಸಿದರು.

"ಮುಟ್ಟಿತು" ಎಂದರು ಭಟ್ಟರು.

"ಮುಟ್ಟಿತು, ಮುಟ್ಟಿತು" ಎಂದು ಎಲ್ಲರೂ ಉಸಿರು ಬಿಟ್ಟರು. ಅತ್ತೆಯೂ ಸೆರಗು ಬಾಯಿಗೊತ್ತಿಕೊಂಡು ಅಂದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನಾನು ಅನ್ನಲಿಲ್ಲ. ನಾನು ಕಂಡದ್ದು ಹುಲ್ಲು.